ನೆರೆಯ ಗೆರೆ



ಉಡುಪಿಯಿಂದ ಬಡಗಲಾಗಿ ಕುಂದಾಪುರದ ಕಡೆಗೆ ಸಾಗುವ ಹೆದ್ದಾರಿಯು ಸಂತೆಕಟ್ಟೆಯನ್ನು ದಾಟಿ, ಕಲ್ಯಾಣಪುರವನ್ನು ಪಡುವಣಕ್ಕೆ ಬಿಟ್ಟು, ಸ್ವರ್ಣಾ ನದಿಯ ಮೇಲಣ ಸೇತುವೆಯಿಂದ ಉಪ್ಪೂರನ್ನು ಸೇರುತ್ತದೆ. ಆ ಸೇತುವೆಯ ಮೇಲೆ ಹಾದುಹೋಗುವವರಿಗೆ ಕಾಣುವ ವಿಶಾಲವಾದ ಜಲರಾಶಿ, ಅದರ ನಡುವೆ ತೆಂಗಿನ ತೋಪುಗಳಿಂದ ಕಿಕ್ಕಿರಿದ ಕುದ್ರುಗಳೆಂಬ ನಡುಗಡ್ಡೆಗಳು, ಇಕ್ಕೆಲಗಳಲ್ಲಿ ಹಸುರಾಗಿ ಹರಡಿದ ಬೈಲುಗಳು, ಇವುಗಳ ಸೊಬಗನ್ನು ವರ್ಣಿಸಿದವರು ಬಹುಮಂದಿ. ಈ ಹೊತ್ತು ನಾನು ವಿಜ್ಞಾಪಿಸಿಕೊಳ್ಳಬೇಕೆಂದಿರುವ ವಿಷಯವಾದರೋ ಸೊಬಗಿನದ್ದಲ್ಲ, ಕರ್ತವ್ಯದ್ದು. ನದಿಯ ನೀರು ತನ್ನ ಪಾತ್ರವನ್ನು ಮೀರಿದಾಗ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ನಮ್ಮ ಗ್ರಾಮಗಳ ನಕ್ಷೆಯ ಮೇಲೆ ಗೆರೆಯೆಳೆದು ತೋರಿಸುವುದು ಯಾರ ಹೊಣೆ, ಅದನ್ನು ಹೇಗೆ ನೆರವೇರಿಸಬಹುದು, ನದಿಗೆ ದಂಡೆ ಕಟ್ಟಿಯಾಗಿದೆ ಎಂಬ ಸಮಾಧಾನವು ಆ ಗೆರೆಯನ್ನು ಏಕೆ ಅಳಿಸಕೂಡದು ಎಂಬ ಮೂರು ಪ್ರಶ್ನೆಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಮೊದಲಿಗೆ ನೀರಿನ ಸ್ವಭಾವವನ್ನು ನೋಡೋಣ. ಸ್ವರ್ಣೆಯು ಕಾರ್ಕಳದ ಮೂಡಣ ಘಟ್ಟಗಳಲ್ಲಿ, ಮಾಳದ ಆಸುಪಾಸಿನಲ್ಲಿ ಜನಿಸಿ, ಎಣ್ಣೆಹೊಳೆಯನ್ನೂ ಹಿರಿಯಡ್ಕದ ಪರಿಸರವನ್ನೂ ಹಾದು, ನೂರು ಕಿಲೋಮೀಟರನ್ನೂ ಮುಟ್ಟದ ಅಲ್ಪಯಾನದಲ್ಲಿ ಕಡಲನ್ನು ಸೇರತಕ್ಕ ನದಿ. ಘಟ್ಟದ ಮೇಲೆ ಸುರಿದ ಮಳೆಯು ದೀರ್ಘವಾದ ಬಯಲುಸೀಮೆಯಲ್ಲಿ ಮೆಲ್ಲಗೆ ನಡೆದುಬರುವ ಗೋದಾವರಿ, ಕೃಷ್ಣೆಯರಂತೆ ಇದು ದಿನಗಟ್ಟಲೆ ಮುನ್ಸೂಚನೆ ಕೊಟ್ಟು ಬರುವುದಿಲ್ಲ. ರಾತ್ರಿ ಸುರಿದ ಮಳೆ ಬೆಳಗಾಗುವುದರೊಳಗೆ ನಮ್ಮ ಬೈಲಿನಲ್ಲಿರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ತೀರುವ ಜಿಲ್ಲೆ ನಮ್ಮದು. ಇನ್ನೊಂದು ಸಂಗತಿಯೂ ಉಂಟು. ಕಲ್ಯಾಣಪುರವನ್ನು ದಾಟಿದ ನದಿಯು ನೇರವಾಗಿ ಕಡಲಿಗೆ ಬೀಳದೆ, ಕೆಮ್ಮಣ್ಣು, ಹೂಡೆಗಳ ಬಳಿ ಮರಳಿನ ದಿಬ್ಬವು ಅಡ್ಡವಾಗಿರುವುದರಿಂದ ಬಡಗಲಿಗೆ ತಿರುಗಿ, ತೀರಕ್ಕೆ ಸಮಾನಾಂತರವಾಗಿ ಹರಿದು, ಹಂಗಾರಕಟ್ಟೆ, ಕೋಡಿಬೆಂಗ್ರೆಗಳ ಬಳಿ ಸೀತಾನದಿಯೊಡನೆ ಕೂಡಿ, ಒಂದೇ ಅಳಿವೆಯ ಮೂಲಕ ಸಮುದ್ರವನ್ನು ಪ್ರವೇಶಿಸುತ್ತದೆ. ಎರಡು ನದಿಗಳಿಗೆ ಒಂದೇ ಬಾಗಿಲು. ಆ ಬಾಗಿಲಿನಲ್ಲಿ ದಿನಕ್ಕೆರಡು ಬಾರಿ ಕಡಲಿನ ಭರತ. ಅಮಾವಾಸ್ಯೆ, ಹುಣ್ಣಿಮೆಗಳ ದೊಡ್ಡ ಭರತವೂ ಘಟ್ಟದ ಮಹಾವೃಷ್ಟಿಯೂ ಏಕಕಾಲದಲ್ಲಿ ಒದಗಿದರೆ, ಹೊರಹೋಗಲು ದಾರಿ ಕಾಣದ ನೀರು ಕುದ್ರುಗಳನ್ನೂ ಬೈಲುಗಳನ್ನೂ ಆವರಿಸಿಕೊಳ್ಳದೆ ಬೇರೆ ಗತಿಯಿಲ್ಲ. ಇದು ದೈವದ ಕೋಪವಲ್ಲ, ಭೂಮಿಯ ರಚನೆಯಿಂದಲೇ ಒದಗುವ ಫಲ.

ನಮ್ಮ ಪೂರ್ವಿಕರು ಈ ರಚನೆಯನ್ನು ಚೆನ್ನಾಗಿ ಅರಿತಿದ್ದರು. ತುಳುನಾಡಿನ ಬೇಸಾಯಗಾರರು ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸಿದುದು ನೀರಿನ ಲೆಕ್ಕಾಚಾರದ ಮೇಲೆಯೇ. ಮಳೆಯನ್ನೇ ನಂಬಿ ಒಂದು ಬೆಳೆ ಕೊಡುವ ಎತ್ತರದ ನೆಲ ಬೆಟ್ಟು. ಏನೆಲು, ಸುಗ್ಗಿ ಎಂಬ ಎರಡು ಬೆಳೆಗಳನ್ನು ತಾಳುವ ನಡುನೆಲ ಮಜಲು. ಕೊಳಕೆಯೂ ಸೇರಿ ಮೂರು ಬೆಳೆಗಳಿಗೆ ನೀರು ನಿಲ್ಲುವ ತಗ್ಗು ನೆಲ ಬೈಲು. ಬೈಲಿನಲ್ಲಿ ಉಳುವುದು, ಬೈಲಿನ ಅಂಚಿನ ಏರಿನಲ್ಲಿ ಮನೆ ಕಟ್ಟುವುದು, ಇದು ತಲೆತಲಾಂತರದ ಕ್ರಮ. ಮಳೆಗಾಲದ ಆಟಿ ತಿಂಗಳಿನಲ್ಲಿ ಬೊಳ್ಳ, ಅಂದರೆ ನೆರೆ, ಬಂದರೆ ಗದ್ದೆ ಮುಳುಗುತ್ತಿತ್ತು. ನೆಲಕ್ಕೆ ಹೊಸ ಮೆಕ್ಕಲು ಬೀಳುತ್ತಿತ್ತು. ಮನೆಯ ಚಾವಡಿಗೆ ಬಹುಮಟ್ಟಿಗೆ ನೀರು ಬರುತ್ತಿರಲಿಲ್ಲ. 1923ರಲ್ಲಿ ನೇತ್ರಾವತಿಯ ತೀರವನ್ನು ಕೊಚ್ಚಿಕೊಂಡು ಹೋದ, ತುಳುವರು ಮಾರಿಬೊಳ್ಳವೆಂದು ಇಂದಿಗೂ ನೆನೆಯುವ ಮಹಾಪ್ರವಾಹದಂಥ ಅಸಾಧಾರಣ ಸಂದರ್ಭಗಳನ್ನು ಬಿಟ್ಟರೆ, ನೆರೆಯು ಜನರ ಬದುಕಿನಲ್ಲಿ ಎಣಿಸಿಟ್ಟ ಒಂದು ಋತುಧರ್ಮವಾಗಿತ್ತು. ಮದರಾಸು ಆಡಳಿತದ ಕಾಲದ ಕಂದಾಯ ದಾಖಲೆಗಳು ನೀರಿನ ನೆಲವನ್ನು ನಂಜ, ಒಣನೆಲವನ್ನು ಪುಂಜ, ತೋಟವನ್ನು ಬಾಗಾಯ್ತು ಎಂದು ಬರೆದಿಟ್ಟದ್ದು ತೀರ್ವೆಯ ನಿಮಿತ್ತವೇ ಆದರೂ, ಆ ದಾಖಲೆಗಳನ್ನು ಓದಬಲ್ಲವನಿಗೆ ನೀರು ನಿಲ್ಲುವ ನೆಲ ಯಾವುದೆಂಬುದು ಅಲ್ಲಿಯೇ ತಿಳಿಯುತ್ತದೆ.

ಈ ಕ್ರಮಕ್ಕೆ ಒಂದು ಕೊರತೆಯಿತ್ತು. ಬೇಸಗೆಯಲ್ಲಿ ಭರತದೊಡನೆ ಮೇಲಕ್ಕೇರುವ ಉಪ್ಪುನೀರು ಗದ್ದೆಗಳನ್ನೂ ಬಾವಿಗಳನ್ನೂ ಕೆಡಿಸುತ್ತಿತ್ತು. ಅದನ್ನು ತಡೆಯಲೆಂದೇ ಊರವರು ಮಣ್ಣಿನ ಕಟ್ಟಗಳನ್ನು ವರ್ಷವರ್ಷವೂ ಹಾಕಿದರು; ಅನಂತರ ಸರಕಾರದ ಸಣ್ಣ ನೀರಾವರಿ ಇಲಾಖೆಯು ಕಲ್ಲಿನ ನದಿದಂಡೆಗಳನ್ನೂ ಹಲಗೆಯ ಕಿಂಡಿ ಅಣೆಕಟ್ಟುಗಳನ್ನೂ ಕಟ್ಟಿಸಿತು. ಇವುಗಳ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ದಂಡೆಯಿಲ್ಲದೆ ಪಡುಕುದ್ರುವಿನಲ್ಲಿಯಾಗಲಿ ಮೂಡುಕುದ್ರುವಿನಲ್ಲಿಯಾಗಲಿ ಸಿಹಿನೀರಿನ ಬಾವಿಯನ್ನು ಕಾಪಾಡಿಕೊಳ್ಳುವುದು ಸುಲಭವಲ್ಲ. ತೀರದ ತೆಂಗಿನ ಬುಡದ ಮಣ್ಣು ಸಹ ಉಳಿಯುವುದು ಅನುಮಾನ.

ಆದರೆ ಉಪ್ಪುನೀರನ್ನು ತಡೆಯಲು ಕಟ್ಟಿದ ದಂಡೆ ಬೇರೆ, ಮಹಾನೆರೆಯನ್ನು ತಡೆಯಲು ಕಟ್ಟಬೇಕಾದ ದಂಡೆ ಬೇರೆ. ಮೊದಲನೆಯದರ ಎತ್ತರವನ್ನು ನಿರ್ಣಯಿಸುವುದು ಭರತದ ಮಟ್ಟ. ಎರಡನೆಯದರ ಎತ್ತರವನ್ನು ನಿರ್ಣಯಿಸಬೇಕಾದದ್ದು ನದಿಯ ಪರಮಾವಧಿಯ ಪ್ರವಾಹ. ನಮ್ಮ ಕರಾವಳಿಯ ದಂಡೆಗಳಲ್ಲಿ ಬಹುಪಾಲು ಮೊದಲನೆಯ ವರ್ಗಕ್ಕೆ ಸೇರಿದವು. ಅವು ಒಂದೇ ಕಾಲದಲ್ಲಿ, ಒಂದೇ ಅಳತೆಯಲ್ಲಿ ನಿರ್ಮಿತವಾದವೂ ಅಲ್ಲ. ಒಂದು ವರ್ಷದ ಅನುದಾನದಲ್ಲಿ ಇಲ್ಲಿ ಒಂದು ತುಂಡು, ಇನ್ನೊಂದು ವರ್ಷದ ಅನುದಾನದಲ್ಲಿ ಅಲ್ಲಿ ಒಂದು ತುಂಡು, ನಡುವೆ ಬರಿಯ ಮಣ್ಣಿನ ಏರಿ. ನೀರಿಗೆ ಬಲವಾದ ನೂರು ಮಾರು ದಂಡೆಯ ಗೊಡವೆಯಿಲ್ಲ. ದುರ್ಬಲವಾದ ಒಂದು ಮಾರು ಸಿಕ್ಕರೆ ಸಾಕು. ಏಡಿಯೂ ಹೆಗ್ಗಣವೂ ತೋಡಿದ ಬಿಲ, ಕಲ್ಲಿನ ಸಂದಿನಲ್ಲಿ ಬೇರಿಳಿಸಿದ ಮರ, ಬುಡದಲ್ಲಿ ಮರಳು ತೆಗೆದುದರಿಂದ ಜರಿದ ಪಾಯ, ಹೊತ್ತಿಗೆ ಸರಿಯಾಗಿ ತೆಗೆಯದೆ ಉಳಿದ ಕಿಂಡಿಯ ಹಲಗೆ, ಆ ಹಲಗೆಗೆ ಬಂದು ಅಡರಿದ ಮರದ ದಿಮ್ಮಿ ಮತ್ತು ಕಸ, ಇವುಗಳಲ್ಲಿ ಯಾವುದೊಂದೂ ದಂಡೆಯನ್ನು ಕಡಿಯಲು ಸಮರ್ಥವಾದ ಕಾರಣವೇ. ದಂಡೆ ಕಡಿಯದೆ ನಿಂತರೂ ಇನ್ನೊಂದು ತೊಡಕಿದೆ: ಬೆಟ್ಟಿನಿಂದ ಇಳಿದ ಮಳೆನೀರಿಗೆ ನದಿಗೆ ಹೋಗುವ ತೂಬು ಮುಚ್ಚಿಕೊಂಡಿದ್ದರೆ, ನದಿಯನ್ನು ಹೊರಗಿರಿಸಲು ಕಟ್ಟಿದ ಗೋಡೆಯೇ ಊರಿನ ನೀರನ್ನು ಒಳಗೆ ಹಿಡಿದಿಡುತ್ತದೆ.

ಇಷ್ಟಾಗಿಯೂ ನಿಜವಾದ ಅಪಾಯವಿರುವುದು ದಂಡೆಯ ಕಲ್ಲಿನಲ್ಲಿ ಅಲ್ಲ, ಅದು ನಮ್ಮ ಮನಸ್ಸಿನಲ್ಲಿ ಉಂಟುಮಾಡುವ ಮರೆವಿನಲ್ಲಿ. ದಂಡೆ ಕಟ್ಟಿದ ಹತ್ತು ವರ್ಷ ನೆರೆ ಬಾರದಿದ್ದರೆ, ದಂಡೆಯ ಹಿಂದಿನ ಬೈಲು ಬೈಲೆಂಬುದು ಮರೆತುಹೋಗುತ್ತದೆ. ಬೇಸಾಯ ಗಿಟ್ಟದೆ ಹಡಿಲು ಬಿದ್ದ ಗದ್ದೆಗೆ ಭೂಪರಿವರ್ತನೆಯಾಗುತ್ತದೆ. ಲಾರಿಗಳಲ್ಲಿ ಕೆಂಪುಮಣ್ಣು ಬಂದು ಬೀಳುತ್ತದೆ. ನಿವೇಶನಗಳ ಕಲ್ಲು ನೆಡಲ್ಪಡುತ್ತದೆ. ಮುಂಬಯಿಯಲ್ಲಿಯೋ ದುಬಾಯಿಯಲ್ಲಿಯೋ ಆಯುಷ್ಯವೆಲ್ಲ ದುಡಿದು ಊರಿನಲ್ಲಿ ಮನೆ ಮಾಡಬೇಕೆಂದು ಬಂದವರು ಆ ನೆಲವನ್ನು ಕೊಳ್ಳುತ್ತಾರೆ. ಮಣ್ಣು ತುಂಬಿದ ನಿವೇಶನದಿಂದ ಓಡಿಸಲ್ಪಟ್ಟ ನೀರು ಪಕ್ಕದ ಬಡವನ ಅಂಗಳವನ್ನು ಹುಡುಕಿಕೊಂಡು ಹೋಗುತ್ತದೆ. ಹೀಗೆ ದಂಡೆಯು ಚಿಕ್ಕ ನೆರೆಗಳನ್ನು ತಡೆದು, ದೊಡ್ಡ ನೆರೆಯ ಹಾನಿಯನ್ನು ಬೆಳೆಸುತ್ತದೆ.

2020ನೆಯ ಇಸವಿ ಸೆಪ್ಟೆಂಬರ್ 19ರ ರಾತ್ರಿಯಿಂದ 20ರ ಬೆಳಗಿನವರೆಗಿನ ಮಳೆಯನ್ನು ತಾವು ಮರೆತಿರಲಾರಿರಿ. ಒಂದು ಹಗಲಿರುಳಿನಲ್ಲಿ 300 ಮಿಲಿಮೀಟರಿಗೂ ಮಿಕ್ಕ ಮಳೆಯು ಉಡುಪಿಯ ಸುತ್ತಮುತ್ತ ಸುರಿದು, ನಗರದ ಕಲ್ಸಂಕ, ಬೈಲಕೆರೆ, ಗುಂಡಿಬೈಲುಗಳು ಜಲಾವೃತವಾದುವು. ಇತ್ತ ಸ್ವರ್ಣೆಯು ಉಕ್ಕಿ ತೀರದ ಗ್ರಾಮಗಳಿಗೆ ನುಗ್ಗಿತು. ರಾಷ್ಟ್ರೀಯ ವಿಪತ್ತು ಪರಿಹಾರ ಪಡೆಯವರು ದೋಣಿಗಳೊಡನೆ ಬಂದು ಜನರನ್ನು ಸಾಗಿಸಬೇಕಾಯಿತು. ದೋಣಿಗಿಳಿಸಿ ಕರೆದೊಯ್ಯಲ್ಪಟ್ಟವರಲ್ಲಿ ಎಷ್ಟೋ ಮಂದಿಗೆ ತಾವು ನೀರಿನ ದಾರಿಯಲ್ಲಿ ಮನೆ ಕಟ್ಟಿದ್ದೇವೆಂಬುದು ತಿಳಿದಿರಲಿಲ್ಲ. ಅವರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಹೇಳತಕ್ಕ ಕಾಗದವೊಂದೂ ಅವರ ಕೈಗೆ ಸಿಕ್ಕಿರಲಿಲ್ಲ.

ದೇಶದ ಅನುಭವವೂ ಇದನ್ನೇ ಸಾರುತ್ತದೆ. 1954ರ ಪ್ರವಾಹಗಳ ತರುವಾಯ ಭಾರತವು ದಂಡೆಗಳ ಮೇಲೆ ಭರವಸೆಯಿಟ್ಟಿತು. ಬಿಹಾರದಲ್ಲಿ ಅಂದು ಸುಮಾರು 160 ಕಿಲೋಮೀಟರಿದ್ದ ದಂಡೆಗಳು ಮುಂದೆ 3,700 ಕಿಲೋಮೀಟರಿಗೂ ಮೀರಿ ಬೆಳೆದುವು; ಅದೇ ಅವಧಿಯಲ್ಲಿ ನೆರೆಗೆ ಈಡಾಗುವ ಪ್ರದೇಶವು 25 ಲಕ್ಷ ಹೆಕ್ಟೇರಿನಿಂದ 68 ಲಕ್ಷ ಹೆಕ್ಟೇರಿಗೇರಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಎಂಬಲ್ಲಿ ಕೋಸಿಯ ದಂಡೆ ಒಡೆದಾಗ ನದಿಯಲ್ಲಿದ್ದುದು ಒಂದೂವರೆ ಲಕ್ಷ ಕ್ಯೂಸೆಕ್ಸಿನ ಆಸುಪಾಸಿನ ನೀರು. ದಂಡೆಯು ತಾಳಬೇಕೆಂದು ರೂಪಿತವಾಗಿದ್ದುದು 9.5 ಲಕ್ಷ ಕ್ಯೂಸೆಕ್ಸನ್ನು. ನೀರು ಹೆಚ್ಚಾದುದರಿಂದ ಅದು ಒಡೆಯಲಿಲ್ಲ, ಪೋಷಣೆ ಸಾಲದೆ ಒಡೆಯಿತು. ಈ ಪಾಠವನ್ನು ಮುಂಚೆಯೇ ಊಹಿಸಿದ ಕೇಂದ್ರ ಜಲ ಆಯೋಗವು 1975ರಲ್ಲಿಯೇ ನೆರೆಬಯಲುಗಳ ವಲಯೀಕರಣಕ್ಕೆ ಒಂದು ಮಾದರಿ ಮಸೂದೆಯನ್ನು ರಚಿಸಿ ರಾಜ್ಯಗಳಿಗೆ ಕಳುಹಿಸಿತು. ನದಿಯ ಇಕ್ಕೆಲದ ನೆಲವನ್ನು ಅಳೆದು, ಪದೇಪದೇ ಮುಳುಗುವ ಭಾಗದಲ್ಲಿ ಕಟ್ಟಡವನ್ನು ನಿಷೇಧಿಸಿ, ಅಪರೂಪಕ್ಕೆ ಮುಳುಗುವ ಭಾಗದಲ್ಲಿ ನಿಯಮಗಳಿಗೊಳಪಡಿಸಿ ಅವಕಾಶ ಕೊಡಬೇಕೆಂಬುದು ಅದರ ಸಾರ. ಮಣಿಪುರವು 1978ರಲ್ಲಿ, ರಾಜಸ್ಥಾನವು 1990ರಲ್ಲಿ, ಉತ್ತರಾಖಂಡವು 2012ರಲ್ಲಿ ಅಂಥ ಶಾಸನಗಳನ್ನು ಮಾಡಿದುವು. ನಮ್ಮ ರಾಜ್ಯವು ಆ ಸಾಲಿಗೆ ಸೇರದೆ ಉಳಿಯಿತು.

ಅಮೆರಿಕ ಸಂಯುಕ್ತ ಸಂಸ್ಥಾನವು ಇದೇ ಸಮಸ್ಯೆಯನ್ನು ಎದುರಿಸಿದ ಬಗೆಯು ನಮಗೆ ಬೋಧಪ್ರದವಾಗಿದೆ. 1968ರಲ್ಲಿ ಅಲ್ಲಿ ರಾಷ್ಟ್ರೀಯ ನೆರೆವಿಮೆಯ ಯೋಜನೆ ಜಾರಿಗೆ ಬಂದು, ಊರೂರಿನ ನೆರೆನಕ್ಷೆಗಳು ಸಿದ್ಧವಾದುವು. ಯಾವುದೇ ಒಂದು ವರ್ಷದಲ್ಲಿ ಶೇಕಡಾ ಒಂದರಷ್ಟು ಸಂಭವವಿರುವ ನೆರೆಯ ಎಲ್ಲೆಯನ್ನು ಆ ನಕ್ಷೆಗಳು ತೋರಿಸುತ್ತವೆ. ಇದನ್ನು ನೂರು ವರ್ಷಕ್ಕೊಮ್ಮೆ ಬರುವ ನೆರೆ ಎಂದು ಕರೆಯುವುದುಂಟಾದರೂ, ಮೂವತ್ತು ವರ್ಷಗಳ ಗೃಹಸಾಲದ ಅವಧಿಯಲ್ಲಿ ಅಂಥ ನೆರೆ ಒಮ್ಮೆಯಾದರೂ ಬರುವ ಸಂಭವವು ಶೇಕಡಾ 26ರಷ್ಟಿದೆ ಎಂಬುದನ್ನು ಗಣಿತವು ತೋರಿಸಿಕೊಡುತ್ತದೆ. ಆ ನೆರೆಯ ಮಟ್ಟಕ್ಕಿಂತ ಮೂರಡಿಯಾದರೂ ಎತ್ತರವಾಗಿ, ಗಟ್ಟಿಯಾಗಿ, ನಿತ್ಯಪೋಷಿತವಾಗಿ ಇದೆಯೆಂದು ಪ್ರಮಾಣಿತವಾದ ದಂಡೆಗೆ ಮಾತ್ರ ನಕ್ಷೆಯಲ್ಲಿ ಮಾನ್ಯತೆಯುಂಟು. ಮಿಕ್ಕ ದಂಡೆಗಳ ಹಿಂದಿನ ನೆಲವನ್ನು ದಂಡೆಯೇ ಇಲ್ಲವೆಂಬಂತೆ ಭಾವಿಸಿ ಗೆರೆಯೆಳೆಯುವ ಪದ್ಧತಿ ಬಹುಕಾಲ ನಡೆಯಿತು. 2005ರಲ್ಲಿ ನ್ಯೂ ಆರ್ಲಿಯನ್ಸಿನ ದಂಡೆಗಳು ಒಡೆದ ಮೇಲೆ ಈ ಪರೀಕ್ಷೆ ಇನ್ನಷ್ಟು ಬಿಗಿಯಾಯಿತು. ಆಗ ಅನೇಕ ಊರಿನವರೂ ಅವರ ಜನಪ್ರತಿನಿಧಿಗಳೂ, ನಮ್ಮ ದಂಡೆಯು ಪೂರ್ಣವಲ್ಲದಿದ್ದರೂ ಸ್ವಲ್ಪಮಟ್ಟಿಗೆ ಕಾಯುತ್ತದಷ್ಟೆ, ಅದನ್ನು ಇಲ್ಲವೇ ಇಲ್ಲವೆನ್ನುವುದು ನ್ಯಾಯವೇ ಎಂದು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಸತ್ಯಾಂಶವಿದ್ದುದರಿಂದ 2013ರಲ್ಲಿ ವಿಧಾನವನ್ನು ತಿದ್ದಿ, ಪ್ರತಿಯೊಂದು ದಂಡೆಯ ಬಲಾಬಲವನ್ನು ಊರಿನ ಆಡಳಿತದೊಡನೆ ಕುಳಿತು ವಿವೇಚಿಸಿ ನಕ್ಷೆಯನ್ನು ರಚಿಸುವ ಕ್ರಮವನ್ನು ತಂದರು. ಇದರಿಂದ ನಮಗೆ ಎರಡು ತತ್ತ್ವಗಳು ಲಭಿಸುತ್ತವೆ. ಪರೀಕ್ಷೆಯಾಗದ ದಂಡೆಯನ್ನು ನಂಬಿ ಗೆರೆಯನ್ನು ಹಿಂದಕ್ಕೆ ಸರಿಸಕೂಡದು; ದಂಡೆಯನ್ನು ಪರೀಕ್ಷಿಸುವಾಗ ಅದರ ಹಿಂದೆ ವಾಸಿಸುವವರ ಮಾತನ್ನು ಕೇಳದೆ ಇರಕೂಡದು.

ಹಾಗಾದರೆ ಈ ಕಾರ್ಯ ಯಾರದು? ದಂಡೆ ಕಟ್ಟುವುದು ಸಣ್ಣ ನೀರಾವರಿ ಇಲಾಖೆ. 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದನ್ವಯ ಗದ್ದೆಯನ್ನು ನಿವೇಶನವಾಗಿ ಪರಿವರ್ತಿಸಲು ಅನುಮತಿ ಕೊಡುವುದು ಜಿಲ್ಲಾಧಿಕಾರಿಗಳ ಕಚೇರಿ. ವಿನ್ಯಾಸಕ್ಕೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ. ಕಟ್ಟಡದ ಪರವಾನಿಗೆ ಗ್ರಾಮ ಪಂಚಾಯತಿಯದು. ನೆರೆ ಬಂದ ಮೇಲೆ ಪರಿಹಾರದ ಪಟ್ಟಿ ಬರೆಯುವುದು ಕಂದಾಯ ಇಲಾಖೆ. ಕರಾವಳಿ ನಿಯಂತ್ರಣ ವಲಯದ ಗೆರೆಯೊಂದು ಇದೆಯಷ್ಟೆ ಎನ್ನಬಹುದು. ಅದು ಭರತದ ರೇಖೆಯಿಂದ ಇಷ್ಟು ಮೀಟರ್ ಎಂದು ಅಳೆದ ಗೆರೆ. ಘಟ್ಟದಿಂದ ಬರುವ ನೆರೆಯ ಎಲ್ಲೆಯಲ್ಲ. ಹೀಗೆ ಒಂದೊಂದು ಕಚೇರಿಯೂ ತನ್ನ ಪಾಲಿನ ಕಾಗದವನ್ನು ಮಾತ್ರ ನೋಡುತ್ತಿರುವುದರಿಂದ, ಈ ಸರ್ವೆ ನಂಬರಿನಲ್ಲಿ ನೀರು ಎಷ್ಟು ಬಂದಿತ್ತು ಎಂಬ ಸರಳವಾದ ಪ್ರಶ್ನೆಯನ್ನು ಕೇಳುವ ಮೇಜು ಒಂದೂ ಇಲ್ಲ.

ಆ ಮೇಜು ಗ್ರಾಮ ಪಂಚಾಯತಿಯದಾಗಬೇಕೆಂಬುದೇ ನನ್ನ ನಿವೇದನೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಭೂ ಅಭಿವೃದ್ಧಿಯನ್ನೂ ಸಣ್ಣ ನೀರಾವರಿ ಮತ್ತು ಜಲನಿರ್ವಹಣೆಯನ್ನೂ ಎಣಿಸಿದೆ. 2005ರ ವಿಪತ್ತು ನಿರ್ವಹಣಾ ಅಧಿನಿಯಮವು, ತಮ್ಮ ಎಲ್ಲೆಯೊಳಗಿನ ನಿರ್ಮಾಣಗಳು ವಿಪತ್ತು ತಡೆಯ ನಿಯಮಗಳಿಗೆ ಅನುಗುಣವಾಗಿವೆಯೆಂದು ನೋಡಿಕೊಳ್ಳುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದೆ. ಅಧಿಕಾರವಿದೆ, ಹೊಣೆಯಿದೆ, ಎಲ್ಲಕ್ಕಿಂತ ಮಿಗಿಲಾಗಿ ಜ್ಞಾನವಿದೆ. ಯಾವ ತೋಡು ಮೊದಲು ಉಕ್ಕುತ್ತದೆ, ಯಾವ ದಂಡೆ ಎಲ್ಲಿ ಜರಿದಿದೆ, ಯಾರ ಮನೆಯ ಮೆಟ್ಟಿಲಿಗೆ ನೀರು ಬಂದಿತ್ತು ಎಂಬುದನ್ನು ಉಪಗ್ರಹವು ಅರಿಯುವುದಕ್ಕಿಂತ ಸೂಕ್ಷ್ಮವಾಗಿ ಆ ವಾರ್ಡಿನ ಸದಸ್ಯರು ಅರಿತಿರುತ್ತಾರೆ.

ಕೆಲಸವೂ ದುಸ್ಸಾಧ್ಯವಾದುದಲ್ಲ. ಕಲ್ಯಾಣಪುರ, ಉಪ್ಪೂರು, ಪಡುತೋನ್ಸೆಗಳಂಥ ನದೀತೀರದ ಪಂಚಾಯತಿಗಳು ವಾರ್ಡುಸಭೆಯಲ್ಲಿ ಹಿರಿಯರನ್ನು ಕೂರಿಸಿ, 2020ರಲ್ಲಿಯೂ ಅದಕ್ಕೆ ಹಿಂದಣ ನೆರೆಗಳಲ್ಲಿಯೂ ನೀರು ಮುಟ್ಟಿದ ಗುರುತನ್ನು ಮನೆ, ಶಾಲೆ, ದೈವಸ್ಥಾನಗಳ ಗೋಡೆಗಳಲ್ಲಿ ಪತ್ತೆಮಾಡಲಿ. ಮಂಡಿಯುದ್ದ ಬಂದಿತ್ತು, ಸೊಂಟದುದ್ದ ಬಂದಿತ್ತು ಎಂಬ ಮಾತನ್ನು ಭೂಮಾಪಕರು ಸಮುದ್ರಮಟ್ಟದಿಂದ ಇಷ್ಟು ಎತ್ತರವೆಂಬ ಅಂಕೆಗೆ ಪರಿವರ್ತಿಸಲಿ. ಆ ಅಂಕೆಗಳನ್ನು ಸರ್ವೆ ನಂಬರುಗಳಿರುವ ಗ್ರಾಮನಕ್ಷೆಯ ಮೇಲೆ ಕೂಡಿಸಿದರೆ ಗೆರೆ ತಾನಾಗಿಯೇ ರೂಪುಗೊಳ್ಳುತ್ತದೆ. ಮಣಿಪಾಲದಲ್ಲಿ ತಾಂತ್ರಿಕ ವಿದ್ಯಾಲಯವಿದೆ, ಸುರತ್ಕಲ್ಲಿನಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಿದೆ. ನದಿಯ ಹರಿವನ್ನು ಗಣಿಸಿ ಆ ಗೆರೆಯನ್ನು ಪರಿಷ್ಕರಿಸಿ ಕೊಡಬಲ್ಲ ವಿದ್ವಾಂಸರು ನಮ್ಮ ನೆರೆಹೊರೆಯಲ್ಲಿಯೇ ಇರುವರು. ಅದರ ಜತೆಗೆ ದಂಡೆಗಳದೊಂದು ಪ್ರತ್ಯೇಕವಾದ ಪಟ್ಟಿ ಇರಲಿ: ಯಾವ ತುಂಡು ಯಾವ ವರ್ಷ ಕಟ್ಟಿದ್ದು, ಎಷ್ಟೆತ್ತರ, ಎಲ್ಲಿ ಬಿರುಕು, ಹಲಗೆ ತೆಗೆಯುವ ಹೊಣೆ ಯಾರದು. ಪ್ರತಿವರ್ಷವೂ ಮಳೆಗಾಲದ ಹೊಸ್ತಿಲಿನಲ್ಲಿ ಬರುವ ಪತ್ತನಾಜೆಗೆ ಮುಂಚಿತವಾಗಿ ಆ ಪಟ್ಟಿಯನ್ನು ಹಿಡಿದುಕೊಂಡು ಸದಸ್ಯರೂ ಇಂಜಿನಿಯರರೂ ದಂಡೆಯುದ್ದಕ್ಕೂ ನಡೆಯಲಿ. ಹೀಗೆ ಸಿದ್ಧವಾದ ನಕ್ಷೆಯು ಬೀರುವಿನಲ್ಲಿ ಕೂರದೆ ಪಂಚಾಯತಿಯ ಗೋಡೆಯ ಮೇಲೆ ಇರಬೇಕು. ನಿವೇಶನದ ದಾಖಲೆಯಲ್ಲಿಯೂ ಕಟ್ಟಡದ ಪರವಾನಿಗೆಯಲ್ಲಿಯೂ ಈ ನೆಲವು ಗೆರೆಯ ಒಳಗೋ ಹೊರಗೋ ಎಂಬ ಒಂದು ಸಾಲು ನಮೂದಾಗಬೇಕು.

ಇದಕ್ಕೆ ಆಕ್ಷೇಪಗಳು ಬರುವುದು ಸಹಜ. ಗೆರೆಯೊಳಗಿನ ನೆಲಕ್ಕೆ ಬೆಲೆ ಬಿದ್ದುಹೋಗುತ್ತದೆ ಎಂಬುದು ಮೊದಲನೆಯದು. ಜ್ವರವನ್ನು ಅಳೆದ ಮಾತ್ರದಿಂದ ಜ್ವರ ಬರುವುದಿಲ್ಲ. ನೀರು ಬರುವ ನೆಲಕ್ಕೆ ನೀರು ಬರುತ್ತದೆಂದು ಬರೆದುದರಿಂದ ಆ ನೆಲದ ಗುಣ ಬದಲಾಗುವುದಿಲ್ಲ. ಮಾರುವವನಿಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿರುವ ಸಂಗತಿಯಿಂದ ಬಂದ ಬೆಲೆಯನ್ನು ಕಾಪಾಡುವುದು ಪಂಚಾಯತಿಯ ಧರ್ಮವೂ ಅಲ್ಲ. ಎರಡನೆಯ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಗೆರೆಯೆಳೆದರೆ ಕುದ್ರುಗಳಲ್ಲಿ ತಲೆತಲಾಂತರದಿಂದ ಬಾಳುತ್ತಿರುವ ಮೀನುಗಾರರನ್ನೂ ಬೇಸಾಯಗಾರರನ್ನೂ ಎಬ್ಬಿಸುತ್ತಾರೆ, ಉಳ್ಳವರ ಕಟ್ಟಡಗಳಿಗೆ ಮಾತ್ರ ರಿಯಾಯಿತಿ ಸಿಗುತ್ತದೆ ಎಂಬ ಅಂಜಿಕೆ ನಿರಾಧಾರವಾದುದಲ್ಲ. ಆದುದರಿಂದ ಗ್ರಾಮಸಭೆಯು ಗೆರೆಯನ್ನು ಒಪ್ಪುವ ದಿನವೇ, ಈ ಗೆರೆಯು ಎಬ್ಬಿಸುವುದಕ್ಕಾಗಿ ಅಲ್ಲ, ಇರುವವರನ್ನು ಮೊದಲು ಕಾಯುವುದಕ್ಕಾಗಿ ಎಂಬ ನಿರ್ಣಯವನ್ನೂ ಬರೆಯಿಸಬೇಕು. ಕುದ್ರುವಿನ ಮನೆಯ ಪಂಚಾಂಗವನ್ನು ಎತ್ತರಿಸಲು ನೆರವು, ಮೊದಲು ಮುಟ್ಟಬೇಕಾದ ದೋಣಿ, ಮೊದಲು ರಿಪೇರಿಯಾಗಬೇಕಾದ ದಂಡೆ, ನೆರೆ ಬಂದಾಗ ತೆರೆಯಬೇಕಾದ ಶಾಲೆ, ಇವೆಲ್ಲವೂ ಅದೇ ನಕ್ಷೆಯಿಂದ ನಿರ್ಣಯವಾಗಬೇಕು. ನಿರ್ಬಂಧವು ತಾಗಬೇಕಾದದ್ದು ನಾಳೆ ಬೈಲಿಗೆ ಮಣ್ಣು ತುಂಬಲು ಹೊರಟವರಿಗೆ.

ದೊಡ್ಡ ದಂಡೆಯನ್ನೇ ಕಟ್ಟಿಬಿಟ್ಟರೆ ಗೆರೆಯ ಅಗತ್ಯವೇನು ಎಂಬುದು ಮೂರನೆಯ ಆಕ್ಷೇಪ. ಬೇಕಾದಲ್ಲಿ ಕಟ್ಟೋಣ, ಕಟ್ಟಿದ್ದನ್ನು ಪೋಷಿಸೋಣ. ಆದರೆ ಎಷ್ಟೇ ಎತ್ತರದ ದಂಡೆಯಾದರೂ ಅದಕ್ಕಿಂತ ಎತ್ತರದ ನೆರೆ ಇರುವುದು ಸಾಧ್ಯ. ಒಂದು ದಡವನ್ನು ಎತ್ತರಿಸಿದಷ್ಟೂ ಎದುರು ದಡಕ್ಕೆ ನೀರು ಹೆಚ್ಚುವುದೂ ನಿಶ್ಚಯ. ಕಲ್ಯಾಣಪುರದ ದಂಡೆಯ ಎತ್ತರವನ್ನು ಕಲ್ಯಾಣಪುರವೊಂದೇ ನಿರ್ಣಯಿಸಲಾಗದು. ಎದುರು ದಡದ ಉಪ್ಪೂರೂ ನಡುವಿನ ಕುದ್ರುಗಳೂ ಆ ಸಭೆಯಲ್ಲಿ ಕುಳಿತಿರಬೇಕು. ನದಿಯೊಂದಕ್ಕೆ ತೀರದ ಪಂಚಾಯತಿಗಳೆಲ್ಲ ಸೇರಿ ಒಂದೇ ನಕ್ಷೆಯನ್ನು ಹೊಂದುವುದು ಇದರಿಂದ ಅವಶ್ಯವಾಗುತ್ತದೆ.

ಮಾನ್ಯ ಶ್ರೋತೃಗಳೆ, ಶಾಸನವು ಬರಲೆಂದು ನಾವು ಕಾಯುತ್ತ ಕುಳಿತರೆ 1975ರಿಂದ ಕಾದಂತೆ ಇನ್ನೂ ಕಾಯಬೇಕಾದೀತು. ಗ್ರಾಮಸಭೆಯ ನಿರ್ಣಯಕ್ಕೆ ಅಷ್ಟು ಕಾಲ ಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿ, ದಾರಿದೀಪಗಳ ಅರ್ಜಿಗಳ ಜತೆಗೆ, ನಮ್ಮ ಗ್ರಾಮದ ನೆರೆನಕ್ಷೆ ಎಲ್ಲಿದೆ ಎಂಬ ಪ್ರಶ್ನೆಯನ್ನು ತಾವೊಬ್ಬರು ಎದ್ದು ನಿಂತು ಕೇಳಿ. ಇಲ್ಲವೆಂಬ ಉತ್ತರ ಬಂದರೆ ಅದನ್ನು ಮಾಡಿಸುವ ನಿರ್ಣಯವನ್ನು ಮಂಡಿಸಿ, ಅನುಮೋದಿಸಿ, ನಡವಳಿ ಪುಸ್ತಕದಲ್ಲಿ ಬರೆಯಿಸಿ. ನೀರು ಬರುವ ಸ್ಥಳವನ್ನು ಮುಂಚಿತವಾಗಿ ತಿಳಿಯುವುದು ಪ್ರತಿಯೊಬ್ಬ ಗ್ರಾಮಸ್ಥನ ಹಕ್ಕು; ಅದನ್ನು ತಿಳಿಸುವುದು ಅವನು ಆರಿಸಿ ಕಳುಹಿಸಿದ ಪಂಚಾಯತಿಯ ಮೊದಲ ಕರ್ತವ್ಯಗಳಲ್ಲೊಂದು ಎಂದು ನಾನು ದೃಢವಾಗಿ ನಂಬುತ್ತೇನೆ.